ಕ್ರೋಮ್ ಪ್ಲೇಟಿಂಗ್ ನೀರಿನ ಹಳದಿ ಏಕೆ ಹೋಗುವುದಿಲ್ಲ? ಬ್ಯಾಚ್ ಸಂಸ್ಕರಣೆಗೆ ಸಮಗ್ರ ಮಾರ್ಗದರ್ಶಿ

"ಸುಣ್ಣ ಸುರಿದೆವು, ಆಲಂ ಹಾಕಿದೆವು, ರಾತ್ರಿಯಿಡೀ ಬಿಟ್ಟೆವು. ಗಸಿಯೇನೋ ತಳಕ್ಕಿಳಿದಿದೆ, ಮೇಲಿನ ನೀರು ಮಾತ್ರ ಇನ್ನೂ ಹಳದಿ." ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕದವರು ನನ್ನ ಬಳಿ ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಇದೇ. ಪೀಣ್ಯದ ಶೆಡ್ಡಿನಲ್ಲಿ ಎರಡು ತೊಟ್ಟಿ ಇಟ್ಟುಕೊಂಡು ಕೆಲಸ ಮಾಡುವವರೂ ಇದನ್ನೇ ಹೇಳುತ್ತಾರೆ, ದೊಡ್ಡ ಲೈನ್ ಹಾಕಿಕೊಂಡವರೂ ಇದನ್ನೇ ಹೇಳುತ್ತಾರೆ. ಅವರು ಖರ್ಚು ಮಾಡಿರುತ್ತಾರೆ, ರಾಸಾಯನಿಕವನ್ನೂ ಧಾರಾಳವಾಗಿ ಸುರಿದಿರುತ್ತಾರೆ. ತಪ್ಪಿರುವುದು ಕ್ರಮ. ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದ್ದಾರೆ, ಇಲ್ಲವೇ ಒಂದು ಹಂತ ಮುಗಿಯಿತೇ ಎಂದು ನೋಡದೆ ಮುಂದಿನದಕ್ಕೆ ಹೋಗಿದ್ದಾರೆ.

ಪ್ಲೇಟಿಂಗ್ ಆದ ಭಾಗಗಳನ್ನು ತೊಳೆದ ನೀರು ದಿನಕ್ಕೆ ಕೆಲವು ಸಾವಿರ ಲೀಟರ್ ಬರುವ ಘಟಕಗಳಿಗಾಗಿ, ಒಂದೇ ಟ್ಯಾಂಕಿನಲ್ಲಿ ಬ್ಯಾಚ್ ಬ್ಯಾಚ್ ಆಗಿ ಸಂಸ್ಕರಿಸುವ ವಿಧಾನವನ್ನು ಇಲ್ಲಿ ಬರೆದಿದ್ದೇನೆ. ಹಾರ್ಡ್ ಕ್ರೋಮ್, ಡೆಕೊರೇಟಿವ್ ಕ್ರೋಮ್, ಜಿಂಕ್ ಮೇಲಿನ ಹಳದಿ ಪ್ಯಾಸಿವೇಶನ್, ಮೂರಕ್ಕೂ ಇದು ಹೊಂದುತ್ತದೆ.

## ಸುಣ್ಣ ಏಕೆ ಸೋಲುತ್ತದೆ

ಪ್ಲೇಟಿಂಗ್ ದ್ರಾವಣದಲ್ಲಿರುವುದು ಕ್ರೋಮಿಯಂ-6 (ಹೆಕ್ಸಾವೇಲೆಂಟ್ ಕ್ರೋಮಿಯಂ), ಕ್ರೋಮಿಯಂನ ವಿಷಕಾರಿ ರೂಪ. ಅದು ನೀರಿನಲ್ಲಿ ಒಂಟಿ ಲೋಹದ ಅಯಾನಾಗಿ ಇರುವುದಿಲ್ಲ. ಆಮ್ಲಜನಕದೊಡನೆ ಕಟ್ಟಿಕೊಂಡು ಋಣ ಆವೇಶದ ಕ್ರೋಮೇಟ್ ಅಥವಾ ಡೈಕ್ರೋಮೇಟ್ ಆಗಿರುತ್ತದೆ. ಸುಣ್ಣ ಹಾಕಿದರೆ ಸತು, ನಿಕ್ಕಲ್, ತಾಮ್ರ ಹೈಡ್ರಾಕ್ಸೈಡ್ ಆಗಿ ಕೂರುತ್ತವೆ, ಕ್ರೋಮೇಟ್ ಕೂರುವುದಿಲ್ಲ. ಎಷ್ಟು ಮೂಟೆ ಸುಣ್ಣ ಸುರಿದರೂ ಅಷ್ಟೇ.

ಮೋಸ ಹೋಗುವುದು ಇಲ್ಲೇ. ಆಮ್ಲೀಯ ನೀರಿನಲ್ಲಿ ಡೈಕ್ರೋಮೇಟಿನ ಬಣ್ಣ ಕಿತ್ತಳೆ. ಸುಣ್ಣ ಬಿದ್ದು ಪಿಎಚ್ ಏರಿದಾಗ ಅದು ಕ್ರೋಮೇಟ್ ಆಗುತ್ತದೆ, ಬಣ್ಣ ತಿಳಿ ಹಳದಿಗೆ ತಿರುಗುತ್ತದೆ. ನೋಡಿದವರು "ಕ್ರೋಮ್ ಕಡಿಮೆಯಾಯಿತು" ಅಂದುಕೊಳ್ಳುತ್ತಾರೆ. ಒಂದು ಮಿಲಿಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ, ಬಣ್ಣವಷ್ಟೇ ಬದಲಾಗಿರುತ್ತದೆ.

ಸುಣ್ಣಕ್ಕೆ ಕೂರುವುದು ಕ್ರೋಮಿಯಂ-3. ಆದ್ದರಿಂದ ಮೊದಲು ಆಮ್ಲದಲ್ಲಿ ಕ್ರೋಮಿಯಂ-6 ಅನ್ನು ಕ್ರೋಮಿಯಂ-3 ಮಾಡಬೇಕು (ಮುಂದೆ ಕ್ರೋಮ್ "ಇಳಿಸುವುದು" ಅನ್ನುವುದು ಇದನ್ನೇ), ಅದು ಪೂರ್ತಿ ಆಯಿತೆಂದು ಪರೀಕ್ಷೆಯಲ್ಲಿ ಕಾಣಬೇಕು, ಸುಣ್ಣ ಮುಟ್ಟುವುದು ಅದಾದ ಮೇಲೆ. ಈ ಮಾರ್ಗದರ್ಶಿಯಲ್ಲಿ ಬೇರೇನು ಮರೆತರೂ ಈ ಕ್ರಮವನ್ನು ಮರೆಯಬೇಡಿ.

## ಬೇಕಾಗುವ ಸಾಮಾನು

ಆಮ್ಲ ತಡೆಯುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಅಥವಾ ಎಫ್‌ಆರ್‌ಪಿ (ಫೈಬರ್) ಟ್ಯಾಂಕ್, ಅದಕ್ಕೊಂದು ಸ್ಟಿರರ್. ತಳದಿಂದ ಗಾಳಿ ಊದಿ ಕಲಕುವವರಿದ್ದಾರೆ. ಕ್ರೋಮ್ ಇಳಿಸುವ ಹಂತಕ್ಕೆ ಅದು ಒಳ್ಳೆಯದಲ್ಲ: ಗಾಳಿಯ ಆಮ್ಲಜನಕ ನಿಮ್ಮ ರಾಸಾಯನಿಕವನ್ನೇ ತಿನ್ನುತ್ತದೆ, ಗಂಧಕದ ಡೈಆಕ್ಸೈಡ್ ಅನಿಲವನ್ನೂ ಹೊರಗೆ ತಳ್ಳುತ್ತದೆ.

ರಾಸಾಯನಿಕಗಳಲ್ಲಿ ದುರ್ಬಲ ಗಂಧಕಾಮ್ಲ, ಸೋಡಿಯಂ ಮೆಟಾಬೈಸಲ್ಫೈಟ್ (ಎಲ್ಲರೂ ಎಸ್‌ಎಂಬಿಎಸ್ ಅನ್ನುವುದು ಇದನ್ನೇ, ಕ್ರೋಮ್ ಇಳಿಸುವುದೂ ಇದೇ), ಅರಳಿಸಿದ ಸುಣ್ಣದ ಹಾಲು, ಗಸಿಯನ್ನು ಒಟ್ಟುಗೂಡಿಸಿ ಕೂರಿಸುವ ಆನಯಾನಿಕ್ ಪಾಲಿ ಎಲೆಕ್ಟ್ರೋಲೈಟ್ (ಮುಂದೆ ಬರೀ "ಪಾಲಿ") ಬೇಕು. ಎಸ್‌ಎಂಬಿಎಸ್ ಚೀಲ ತೇವ ಹಿಡಿದರೆ ಸತ್ವ ಕಳೆದುಕೊಳ್ಳುತ್ತದೆ. ಗಟ್ಟಿಯಾಗಿ ಹೆಂಟೆ ಕಟ್ಟಿದ ಹಳೆಯ ಚೀಲವನ್ನು ನಂಬಿ ಲೆಕ್ಕ ಹಾಕಬೇಡಿ.

ಅಳತೆಗೆ ಪಿಎಚ್ ಮೀಟರ್, ಅದನ್ನು ಸರಿಪಡಿಸಲು 4 ಮತ್ತು 7ರ ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ), ಕ್ರೋಮಿಯಂ-6 ಪರೀಕ್ಷಾ ಕಿಟ್. ಕಿಟ್ಟಿನೊಳಗಿನ ಜೀವಾಳ ಡೈಫಿನೈಲ್ ಕಾರ್ಬಜೈಡ್ ಎಂಬ ಪುಡಿ. ಆಮ್ಲದಲ್ಲಿ ಕ್ರೋಮಿಯಂ-6 ಸಿಕ್ಕರೆ ಅದು ನೇರಳೆಗೆಂಪು ಬಣ್ಣ ಕೊಡುತ್ತದೆ. ನೀವೇ ತಯಾರಿಸುವುದಾದರೆ 250 ಮಿಲಿಗ್ರಾಂ ಪುಡಿಯನ್ನು 50 ಮಿಲಿ ಅಸಿಟೋನ್‌ನಲ್ಲಿ ಕರಗಿಸಿ ಕಂದು ಬಾಟಲಿಯಲ್ಲಿಡಿ. ದ್ರಾವಣಕ್ಕೇ ಬಣ್ಣ ಬಂದಿದ್ದರೆ ಚೆಲ್ಲಿ ಹೊಸದು ಮಾಡಿ. ಈ ಕಿಟ್ ಇಲ್ಲದೆ ಕೆಲಸ ಶುರುಮಾಡುವುದೇ ಬೇಡ.

ಮೈಮೇಲೆ ಕನ್ನಡಕ, ಪಿವಿಸಿ ಕೈಗವಸು, ಏಪ್ರನ್, ಗಂಬೂಟು ಇರಲಿ. ಕ್ರೋಮಿಕ್ ಆಮ್ಲ ಗಾಯದ ಮೇಲೆ ಬಿದ್ದರೆ ಬೇಗ ಮಾಯದ ಹುಣ್ಣಾಗುತ್ತದೆ. ಅದರ ತುಂತುರನ್ನು ವರ್ಷಗಟ್ಟಲೆ ಉಸಿರಾಡಿದವರ ಮೂಗಿನ ನಡುಗೋಡೆ ತೂತಾಗಬಹುದು, ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಟ್ಯಾಂಕಿನ ಪಕ್ಕದಲ್ಲೇ ನಲ್ಲಿ ಇರಬೇಕು. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹಾಯಿಸಿ, ನಂತರ ಆಸ್ಪತ್ರೆಗೆ ಹೋಗಿ.

## ಹಂತ 1: ನೀರನ್ನು ಬೇರೆ ಬೇರೆ ಹಿಡಿಯಿರಿ

ಕ್ರೋಮ್ ನೀರು ಒಂದು ಕಡೆ, ಸಯನೈಡ್ ನೀರು ಇನ್ನೊಂದು ಕಡೆ, ಉಳಿದ ಆಮ್ಲ-ಕ್ಷಾರದ ನೀರು ಮತ್ತೊಂದು ಕಡೆ. ಪೈಪು ಬೇರೆ, ತೊಟ್ಟಿ ಬೇರೆ, ಸಾಧ್ಯವಾದರೆ ಪೈಪಿನ ಬಣ್ಣವೂ ಬೇರೆ.

ಇದು ಜೀವದ ಪ್ರಶ್ನೆ. ಕ್ರೋಮ್ ಟ್ಯಾಂಕಿಗೆ ನೀವು ಆಮ್ಲ ಹಾಕುತ್ತೀರಿ. ಅದರಲ್ಲಿ ತಾಮ್ರ ಅಥವಾ ಸತುವಿನ ಸಯನೈಡ್ ನೀರು ಸೇರಿದ್ದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಬಗ್ಗಿ ನೋಡುತ್ತಿದ್ದವನು ಅಲ್ಲೇ ಬೀಳುತ್ತಾನೆ, ಎತ್ತಲು ಓಡಿಹೋದವನೂ ಬೀಳುತ್ತಾನೆ. ನಿಮ್ಮ ಘಟಕದಲ್ಲಿ ಸಯನೈಡ್ ಇದ್ದು, ಎರಡೂ ಒಂದೇ ಚರಂಡಿಗೆ ಹೋಗುತ್ತಿದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಪ್ಲಂಬರನ್ನು ಕರೆಸಿ.

ಸಯನೈಡನ್ನು ನಾಶಪಡಿಸುವುದು ಪಿಎಚ್ 10ಕ್ಕಿಂತ ಮೇಲೆ, ಹೈಪೋಕ್ಲೋರೈಟ್‌ನಿಂದ. ಆ ಹೈಪೋ ಉಳಿದ ನೀರು ಕೂಡ ಕ್ರೋಮ್ ಟ್ಯಾಂಕಿಗೆ ಬರಬಾರದು. ಆಮ್ಲಕ್ಕೆ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ನಿಮ್ಮ ಎಸ್‌ಎಂಬಿಎಸ್ ಕೂಡ ಅದರ ಪಾಲಾಗುತ್ತದೆ.

ಹಳೆಯದಾಗಿ ಕೆಟ್ಟ ಕ್ರೋಮ್ ಬಾತ್ (ಪ್ಲೇಟಿಂಗ್ ತೊಟ್ಟಿಯ ದ್ರಾವಣ) ಅನ್ನು ಕೂಡ ತೊಳೆದ ನೀರಿನ ಟ್ಯಾಂಕಿಗೆ ಒಮ್ಮೆಲೇ ಸುರಿಯಬೇಡಿ. ಅಷ್ಟು ಗಾಢ ದ್ರಾವಣಕ್ಕೆ ಎಸ್‌ಎಂಬಿಎಸ್ ಬಿದ್ದರೆ ಕಾಯುತ್ತದೆ, ಸಿಡಿಯುತ್ತದೆ, ಉಸಿರು ಕಟ್ಟಿಸುವ ಅನಿಲ ಬಿಡುತ್ತದೆ. ಅದನ್ನು ಬೇರೆ ಡ್ರಮ್ಮಿನಲ್ಲಿ ಮುಚ್ಚಿಟ್ಟು ಅಪಾಯಕಾರಿ ತ್ಯಾಜ್ಯವಾಗಿಯೇ ಕಳಿಸಿ.

## ಹಂತ 2: ಟ್ಯಾಂಕಿಗೆ ಬರುವ ಕ್ರೋಮನ್ನೇ ಕಡಿಮೆ ಮಾಡಿ

ಒಂದು ಲೆಕ್ಕ ನೋಡಿ. ಸಾಮಾನ್ಯ ಕ್ರೋಮ್ ಬಾತ್‌ನಲ್ಲಿ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ. ಅಂದರೆ ಸುಮಾರು 130 ಗ್ರಾಂ ಕ್ರೋಮಿಯಂ-6. ಹೊರಬಿಡುವ ನೀರಿನಲ್ಲಿ ಕ್ರೋಮಿಯಂ-6 ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಭಾಗಗಳನ್ನು ತೂಗುಹಾಕುವ ಜಿಗ್‌ನಿಂದ ತೊಟ್ಟಿಕ್ಕಿದ ಒಂದೇ ಒಂದು ಲೀಟರ್ ಬಾತ್ ಅನ್ನು ಬರೀ ನೀರು ಬೆರೆಸಿ ಆ ಮಟ್ಟಕ್ಕೆ ತರಬೇಕಾದರೆ 13 ಲಕ್ಷ ಲೀಟರ್ ನೀರು ಬೇಕು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 217 ಲೋಡು. "ಸ್ವಲ್ಪ ಜಾಸ್ತಿ ನೀರು ಬಿಟ್ಟರೆ ಸರಿಹೋಗುತ್ತೆ" ಎನ್ನುವವರಿಗೆ ಈ ಲೆಕ್ಕ ತೋರಿಸಿ. ನೀರು ಬೆರೆಸಿ ಮಿತಿಯೊಳಗೆ ತೋರಿಸುವುದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ.

ಜಿಗ್ ಎತ್ತಿದ ಮೇಲೆ ಬಾತ್‌ನ ಮೇಲೆಯೇ ಹತ್ತಿಪ್ಪತ್ತು ಸೆಕೆಂಡು ಹಿಡಿದು ತೊಟ್ಟಿಕ್ಕಲು ಬಿಡಿ. ಮೊದಲ ತೊಳೆತವನ್ನು ಹರಿಯದ ನೀರಿನ ತೊಟ್ಟಿಯಲ್ಲಿ ಮಾಡಿ, ಬಾತ್ ಆವಿಯಾಗಿ ಇಳಿದಾಗ ಆ ನೀರನ್ನೇ ವಾಪಸ್ ತುಂಬಿ. ಆಮೇಲಿನ ತೊಳೆತಕ್ಕೆ ಒಂದು ತೊಟ್ಟಿಯ ಬದಲು ಎರಡು ಇಟ್ಟು, ಹೊಸ ನೀರು ಕೊನೆಯ ತೊಟ್ಟಿಗೆ ಬಂದು ಅಲ್ಲಿಂದ ಹಿಂದಿನದಕ್ಕೆ ಹರಿಯುವಂತೆ ಮಾಡಿ. ಸಾವಿರ ಪಟ್ಟು ತೆಳುವಾಗಲು ಒಂದು ತೊಟ್ಟಿಯಲ್ಲಿ ಸಾವಿರ ಪಾಲು ನೀರು ಬೇಕಾದರೆ, ಹೀಗೆ ಎದುರು ಹರಿವಿನ ಎರಡು ತೊಟ್ಟಿಯಲ್ಲಿ ಸುಮಾರು 32 ಪಾಲು ಸಾಕು. ಬೋರ್‌ವೆಲ್ ನೀರೂ ಉಳಿಯುತ್ತದೆ, ರಾಸಾಯನಿಕವೂ ಉಳಿಯುತ್ತದೆ.

## ಹಂತ 3: ಎಷ್ಟಿದೆ ಎಂದು ಅಳೆಯಿರಿ

ಅಳೆಯದೆ "ಎರಡು ಮಗ್ ಹಾಕು" ಎನ್ನುವ ಪದ್ಧತಿ ಎಲ್ಲ ಕಡೆ ಇದೆ. ಸೋಮವಾರದ ನೀರೂ ಶನಿವಾರದ ನೀರೂ ಒಂದೇ ಅಲ್ಲ, ಹಾಗಾಗಿ ಎರಡು ಮಗ್ ಒಂದು ದಿನ ಹೆಚ್ಚಾಗುತ್ತದೆ, ಇನ್ನೊಂದು ದಿನ ಸಾಲುವುದಿಲ್ಲ.

ಕಿಟ್ ಅಳೆಯುವುದು ಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸಿನವರೆಗೆ. ನಿಮ್ಮ ನೀರಿನಲ್ಲಿ ಅದರ ನೂರು ಪಟ್ಟು ಇರುತ್ತದೆ. ಆದ್ದರಿಂದ ಟ್ಯಾಂಕನ್ನು ಚೆನ್ನಾಗಿ ಕಲಕಿ, 1 ಮಿಲಿ ಮಾದರಿ ತೆಗೆದು, ಡಿಸ್ಟಿಲ್ಡ್ ವಾಟರ್ ಸೇರಿಸಿ 1 ಲೀಟರ್ ಮಾಡಿ, ಅದನ್ನು ಪರೀಕ್ಷಿಸಿ, ಬಂದ ಅಂಕಿಯನ್ನು ಸಾವಿರದಿಂದ ಗುಣಿಸಿ. ಕಿಟ್ 0.13 ತೋರಿಸಿದರೆ ಟ್ಯಾಂಕಿನಲ್ಲಿರುವುದು ಲೀಟರಿಗೆ 130 ಮಿಲಿಗ್ರಾಂ. 1,000 ಲೀಟರಿನ ಬ್ಯಾಚಿಗೆ 130 ಗ್ರಾಂ.

ಒಂದು ಗ್ರಾಂ ಕ್ರೋಮಿಯಂ-6 ಇಳಿಸಲು ಲೆಕ್ಕದ ಪ್ರಕಾರ 2.74 ಗ್ರಾಂ ಎಸ್‌ಎಂಬಿಎಸ್ ಬೇಕು. 130 ಗ್ರಾಂಗೆ 356 ಗ್ರಾಂ. ಪುಡಿಯ ಶುದ್ಧತೆ, ಗಾಳಿಗೆ ಹೋಗುವ ಪಾಲು ಎಲ್ಲ ಸೇರಿ ವಾಸ್ತವದಲ್ಲಿ ಇದರ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚು ಬೇಕಾಗುತ್ತದೆ. ನಿಖರವಾಗಿ ಎಷ್ಟು ಎಂದು ಹೇಳುವುದು ಮುಂದಿನ ಹಂತ.

ಎಸ್‌ಎಂಬಿಎಸ್ ಬದಲು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಬಳಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಬಳಸಬಹುದು. ಅಗ್ಗ, ದುರ್ನಾತವಿಲ್ಲ, ಆಮ್ಲ ಕಡಿಮೆಯಿದ್ದರೂ ಕೆಲಸ ಮಾಡುತ್ತದೆ. ಆದರೆ ಒಂದು ಗ್ರಾಂ ಕ್ರೋಮಿಗೆ 16 ಗ್ರಾಂ ಅನ್ನಭೇದಿ ಬೇಕು, ಆ ಕಬ್ಬಿಣವೆಲ್ಲ ಕೊನೆಗೆ ಕೆಸರಾಗಿ ಕೂರುತ್ತದೆ. ಒಣ ಲೆಕ್ಕದಲ್ಲಿ ಎಸ್‌ಎಂಬಿಎಸ್ ದಾರಿಯಲ್ಲಿ 2 ಗ್ರಾಂ ಕೆಸರಾದರೆ ಇಲ್ಲಿ 8 ಗ್ರಾಂ. ಕೆಸರು ಸಾಗಿಸುವುದಕ್ಕೆ ಕಿಲೋ ಲೆಕ್ಕದಲ್ಲಿ ಹಣ ಕೊಡುವವರಿಗೆ ಆ ಅಗ್ಗ ದುಬಾರಿಯಾಗುತ್ತದೆ. ಗಾಳಿಯಾಡದ ಶೆಡ್ಡಿನಲ್ಲಿ ಎಸ್‌ಎಂಬಿಎಸ್ ಬಳಸುವಂತಿಲ್ಲ ಎನ್ನುವವರಿಗೆ ಮಾತ್ರ ನಾನು ಅನ್ನಭೇದಿ ಹೇಳುತ್ತೇನೆ.

## ಹಂತ 4: ಜಾರ್ ಪರೀಕ್ಷೆ

ದೊಡ್ಡ ಟ್ಯಾಂಕಿನಲ್ಲಿ ತಪ್ಪು ಮಾಡುವ ಮೊದಲು ಬೀಕರಿನಲ್ಲಿ ಮಾಡಿ. ಅರ್ಧ ಗಂಟೆಯ ಕೆಲಸ. ಅದನ್ನು ಬಿಟ್ಟವರು ಇಡೀ ಬ್ಯಾಚ್ ಮತ್ತೆ ಮಾಡಬೇಕಾಗಿ ಬಂದು ದಿನ ಕಳೆದುಕೊಳ್ಳುತ್ತಾರೆ.

ಐದು ಬೀಕರಿಗೆ ತಲಾ 500 ಮಿಲಿ ಟ್ಯಾಂಕಿನ ನೀರು ಹಾಕಿ. ದುರ್ಬಲ ಗಂಧಕಾಮ್ಲ ಹನಿ ಹನಿಯಾಗಿ ಬಿಟ್ಟು ಐದನ್ನೂ ಪಿಎಚ್ 2.2ಕ್ಕೆ ತನ್ನಿ. 10 ಗ್ರಾಂ ಎಸ್‌ಎಂಬಿಎಸ್ ಅನ್ನು 1 ಲೀಟರ್ ನೀರಿನಲ್ಲಿ ಕರಗಿಸಿ 1 ಶೇಕಡಾ ದ್ರಾವಣ ಮಾಡಿಕೊಳ್ಳಿ. ಮೇಲಿನ ಉದಾಹರಣೆಯ ನೀರಿಗೆ ಕಾಗದದ ಲೆಕ್ಕ ಬೀಕರಿಗೆ ಸುಮಾರು 18 ಮಿಲಿ. ಹಾಗಾಗಿ ಕ್ರಮವಾಗಿ 14, 18, 22, 26, 30 ಮಿಲಿ ಹಾಕಿ, ಕಲಕುತ್ತಾ 20 ನಿಮಿಷ ಬಿಡಿ. ನಡುವೆ ಪಿಎಚ್ ಏರಿದರೆ ಆಮ್ಲದಿಂದ ಮತ್ತೆ ಇಳಿಸಿ.

ಈಗ ಪ್ರತಿಯೊಂದರಿಂದ 5 ಮಿಲಿ ತೆಗೆದು ಡೈಫಿನೈಲ್ ಕಾರ್ಬಜೈಡ್ ಪರೀಕ್ಷೆ ಮಾಡಿ. ಮೊದಲನೆಯದು ಖಂಡಿತ ನೇರಳೆಯಾಗುತ್ತದೆ, ಎರಡನೆಯದೂ ಬಹುಶಃ. ಬಣ್ಣವೇ ಬಾರದ ಮೊದಲ ಬೀಕರು ಯಾವುದೋ ಅದೇ ನಿಮ್ಮ ಪ್ರಮಾಣ. ಅದು 22 ಮಿಲಿಯದಾದರೆ 1,000 ಲೀಟರಿಗೆ 440 ಗ್ರಾಂ. ಅದರ ಮೇಲೆ ಹತ್ತು ಶೇಕಡಾ ಸೇರಿಸಿಕೊಳ್ಳಿ, ಸಾಕು.

ಅದೇ ಬೀಕರಿನ ನೀರನ್ನು ಸಣ್ಣ ಪಾಲು ಮಾಡಿ ಸುಣ್ಣದ ಹಾಲು ಬಿಟ್ಟು ಪಿಎಚ್ 7.5, 8.5, 9.5ಕ್ಕೆ ಏರಿಸಿ ನೋಡಿ. ಗಸಿ ಎಲ್ಲಿ ಬೇಗ ಇಳಿಯುತ್ತದೆ, ತಿಳಿ ಎಲ್ಲಿ ಚೆನ್ನಾಗಿದೆ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಒಮ್ಮೆಯಾದರೂ ಈ ಮೂರೂ ತಿಳಿಗಳನ್ನು ಲ್ಯಾಬಿಗೆ ಕಳಿಸಿ ಒಟ್ಟು ಕ್ರೋಮಿಯಂ ಅಳೆಸಿ. ನಿಮ್ಮ ನೀರಿಗೆ ಸರಿಹೊಂದುವ ಪಿಎಚ್ ನಿಮಗೇ ಗೊತ್ತಾಗುತ್ತದೆ.

## ಹಂತ 5: ಆಮ್ಲ ಮೊದಲು, ಎಸ್‌ಎಂಬಿಎಸ್ ನಂತರ

ಟ್ಯಾಂಕಿನ ಸ್ಟಿರರ್ ಹಾಕಿ. ದುರ್ಬಲ ಗಂಧಕಾಮ್ಲವನ್ನು ನಿಧಾನವಾಗಿ ಬಿಡುತ್ತಾ ಪಿಎಚ್ 2ರಿಂದ 2.5ರ ನಡುವೆ ತನ್ನಿ. ಆಮ್ಲವನ್ನು ದುರ್ಬಲ ಮಾಡಿಕೊಳ್ಳುವಾಗ ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರು ಎಂದಿಗೂ ಸುರಿಯಬಾರದು.

ಪಿಎಚ್ ಏಕೆ ಇಷ್ಟು ಕೆಳಗೆ? ಈ ಕ್ರಿಯೆಯ ವೇಗವೆಲ್ಲ ಆಮ್ಲದ ಮೇಲೆ ನಿಂತಿದೆ. ಪಿಎಚ್ 2ರಲ್ಲಿ ಸುಮಾರು ಐದು ನಿಮಿಷದಲ್ಲಿ ಮುಗಿಯುವುದು 3ರಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. 5 ದಾಟಿದರೆ ನಡೆಯುವುದೇ ಇಲ್ಲ ಅನ್ನುವಷ್ಟು ನಿಧಾನ. ಹಾಗೆಂದು 2ಕ್ಕಿಂತ ಕೆಳಗಿಳಿಸಿದರೆ ಲಾಭವಿಲ್ಲ. ಗಂಧಕದ ಡೈಆಕ್ಸೈಡ್ ಹೆಚ್ಚು ಏಳುತ್ತದೆ, ಆಮೇಲೆ ಸುಣ್ಣವೂ ಹೆಚ್ಚು ಬೇಕಾಗುತ್ತದೆ.

ಪಿಎಚ್ ನಿಂತ ಮೇಲೆ ಎಸ್‌ಎಂಬಿಎಸ್ ಅನ್ನು 10 ಶೇಕಡಾ ದ್ರಾವಣವಾಗಿ, ನಾಲ್ಕೈದು ಕಂತಿನಲ್ಲಿ ಬಿಡಿ. ಒಣ ಪುಡಿಯನ್ನು ಆಮ್ಲದ ನೀರಿಗೆ ಎರಚಬೇಡಿ, ಮುಖಕ್ಕೇ ಅನಿಲ ಹೊಡೆಯುತ್ತದೆ. ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ, ಟ್ಯಾಂಕಿನ ಮೇಲೆ ಬಗ್ಗಬೇಡಿ, ಆಸ್ತಮಾ ಇರುವವರನ್ನು ಈ ಕೆಲಸಕ್ಕೆ ಹಾಕಬೇಡಿ.

ಇಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ಈ ಕ್ರಿಯೆ ಆಮ್ಲವನ್ನು ತಿನ್ನುತ್ತದೆ. ಶುರುವಿನಲ್ಲಿ 2.2 ಇದ್ದ ಪಿಎಚ್ ಅರ್ಧ ದಾರಿಯಲ್ಲಿ 3 ದಾಟಿರುತ್ತದೆ, ನೋಡುವವರಿಲ್ಲ. ಕ್ರಿಯೆ ತೆವಳುತ್ತದೆ, ಹಳದಿ ಉಳಿಯುತ್ತದೆ, "ಎಸ್‌ಎಂಬಿಎಸ್ ಸಾಲಲಿಲ್ಲ" ಎಂದು ಇನ್ನಷ್ಟು ಸುರಿಯುತ್ತಾರೆ. ಬೇಕಿದ್ದದ್ದು ಇನ್ನೆರಡು ಮಗ್ ಆಮ್ಲ. ಪ್ರತಿ ಕಂತಿನ ನಂತರವೂ ಪಿಎಚ್ ನೋಡಿ, ಏರಿದ್ದರೆ ಇಳಿಸಿ, ಆಮೇಲೆ ಮುಂದಿನ ಕಂತು ಬಿಡಿ.

ಮೀಟರನ್ನೂ ಕಣ್ಣು ಮುಚ್ಚಿ ನಂಬಬೇಡಿ. ನಾನು ಒಮ್ಮೆ ಒಂದು ಘಟಕದಲ್ಲಿ ಮೂರು ದಿನ ತಲೆ ಕೆಡಿಸಿಕೊಂಡಿದ್ದೆ. ಮೀಟರ್ 2.2 ತೋರಿಸುತ್ತಿತ್ತು, ಹಳದಿ ಹೋಗುತ್ತಿರಲಿಲ್ಲ. ಕೊನೆಗೆ ಎಲೆಕ್ಟ್ರೋಡನ್ನು ಬಫರಿಗೆ ಇಳಿಸಿ ನೋಡಿದರೆ ತುದಿಗೆ ಪೊರೆ ಕಟ್ಟಿ ಎರಡು ಅಂಕಿ ಕಡಿಮೆ ಓದುತ್ತಿದೆ. ಆ ಮೂರು ದಿನವೂ ಟ್ಯಾಂಕಿನ ಪಿಎಚ್ 4ರ ಮೇಲಿತ್ತು. ಅಂದಿನಿಂದ ದಿನದ ಮೊದಲ ಬ್ಯಾಚಿಗೆ ಮುಂಚೆ ಬಫರ್ ತೋರಿಸದೆ ನಾನು ಕೆಲಸ ಶುರುಮಾಡಿಲ್ಲ. ಜೊತೆಗೆ ಪಿಎಚ್ ಪೇಪರಿನ ಒಂದು ತುಂಡನ್ನೂ ಅದ್ದಿ ನೋಡುತ್ತೇನೆ.

ಓಆರ್‌ಪಿ ಮೀಟರ್ (ನೀರಿನ ಉತ್ಕರ್ಷಣ-ಅಪಕರ್ಷಣ ಶಕ್ತಿ ಅಳೆಯುವ ಸಾಧನ) ಇದ್ದರೆ ಈ ಪಿಎಚ್‌ನಲ್ಲಿ ಅದು ಸಾಮಾನ್ಯವಾಗಿ 250–300 ಮಿಲಿವೋಲ್ಟ್ ಹತ್ತಿರಕ್ಕೆ ಬಿದ್ದಾಗ ಕ್ರಿಯೆ ಮುಗಿದಿರುತ್ತದೆ. ನಿಮ್ಮ ನೀರಿನ ಸರಿಯಾದ ಅಂಕಿಯನ್ನು ಜಾರ್ ಪರೀಕ್ಷೆಯಲ್ಲೇ ಗುರುತಿಸಿಕೊಳ್ಳಿ.

## ಹಂತ 6: ಮುಗಿಯಿತೇ? ಕಣ್ಣನ್ನಲ್ಲ, ಕಿಟ್ಟನ್ನು ಕೇಳಿ

ಕಿತ್ತಳೆ ಹೋಗಿ ಪಾಚಿ ಹಸಿರು, ಆಮೇಲೆ ನೀಲಿ ಬೆರೆತ ಹಸಿರು ಬಂದರೆ ಕ್ರೋಮಿಯಂ-3 ಆಗುತ್ತಿದೆ ಎಂದರ್ಥ. ಆದರೆ ಹಸಿರು ಕಂಡ ಕೂಡಲೇ ನಿಲ್ಲಿಸುವುದು ದೊಡ್ಡ ತಪ್ಪು. ನೂರರಲ್ಲಿ ತೊಂಬತ್ತೈದು ಪಾಲು ಇಳಿದರೂ ನೀರು ಹಸಿರಾಗಿಯೇ ಕಾಣುತ್ತದೆ. ಉಳಿದ ಐದು ಪಾಲು ಆ ಹಸಿರಿನಲ್ಲಿ ಅಡಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಐದು ಪಾಲೆಂದರೆ ಲೀಟರಿಗೆ 6.5 ಮಿಲಿಗ್ರಾಂ, ಮಿತಿಯ 65 ಪಟ್ಟು.

20 ನಿಮಿಷ ಕಲಕಿದ ಮೇಲೆ ಮಾದರಿ ತೆಗೆದು ಕಿಟ್ ಪರೀಕ್ಷೆ ಮಾಡಿ, 5ರಿಂದ 10 ನಿಮಿಷ ಕಾಯಿರಿ. ನೇರಳೆಯ ಸುಳಿವೂ ಇರಬಾರದು. ಇದ್ದರೆ ಮೊದಲು ಪಿಎಚ್ ನೋಡಿ, ಅದು ಸರಿಯಿದ್ದರೆ ಮಾತ್ರ ಇನ್ನೊಂದು ಸಣ್ಣ ಕಂತು ಎಸ್‌ಎಂಬಿಎಸ್ ಹಾಕಿ.

ಈ ಪರೀಕ್ಷೆಯೂ ಒಂದು ಸಂದರ್ಭದಲ್ಲಿ ಸುಳ್ಳು ಹೇಳುತ್ತದೆ. ಟ್ಯಾಂಕಿನ ಪಿಎಚ್ 5ರಲ್ಲಿದ್ದಾಗ ಎಸ್‌ಎಂಬಿಎಸ್ ಸುರಿದಿದ್ದರೆ, ಅದೂ ಕ್ರೋಮಿಯಂ-6ವೂ ಅಕ್ಕಪಕ್ಕ ಸುಮ್ಮನೆ ಕೂತಿರುತ್ತವೆ. ಮಾದರಿಯನ್ನು ಟೆಸ್ಟ್ ಟ್ಯೂಬಿಗೆ ಹಾಕಿ ಪರೀಕ್ಷೆಯ ಆಮ್ಲ ಬಿಟ್ಟ ತಕ್ಷಣ ಅವೆರಡೂ ಟ್ಯೂಬಿನೊಳಗೇ ಸೇರಿ ಕ್ರಿಯೆ ಮುಗಿಸಿಬಿಡುತ್ತವೆ. ಟ್ಯೂಬು ತಿಳಿ, ಟ್ಯಾಂಕು ಹಳದಿ. ಟ್ಯಾಂಕಿನ ಪಿಎಚ್ 2.5ರೊಳಗೆ ಇದ್ದಾಗ ಬಂದ ಫಲಿತಾಂಶವನ್ನಷ್ಟೇ ನಂಬಿ ಎಂದು ಹೇಳುವುದು ಇದಕ್ಕೇ.

## ಹಂತ 7: ಈಗ ಸುಣ್ಣ

ಸುಣ್ಣದ ಹಾಲನ್ನು ನಿಧಾನವಾಗಿ ಬಿಡುತ್ತಾ ಪಿಎಚ್ 8ರಿಂದ 8.5ಕ್ಕೆ ತನ್ನಿ. ಬೂದು ಹಸಿರಿನ ಗಸಿ ಕಟ್ಟುತ್ತದೆ, ಅದೇ ಕ್ರೋಮಿಯಂ ಹೈಡ್ರಾಕ್ಸೈಡ್. ಕಾಸ್ಟಿಕ್ ಸೋಡಾದಿಂದಲೂ ಆಗುತ್ತದೆ, ಆದರೆ ಅದರ ಗಸಿ ಲೋಳೆಯಂತಿದ್ದು ಕೂರಲು ಸತಾಯಿಸುತ್ತದೆ. ಸುಣ್ಣದ್ದು ಭಾರ, ಬೇಗ ಕೂರುತ್ತದೆ, ಕೆಸರು ಮಾತ್ರ ಸ್ವಲ್ಪ ಹೆಚ್ಚು. ಸಣ್ಣ ಘಟಕಕ್ಕೆ ನಾನು ಸುಣ್ಣವನ್ನೇ ಆರಿಸುತ್ತೇನೆ.

"ಇನ್ನಷ್ಟು ಸುಣ್ಣ ಹಾಕಿದರೆ ಇನ್ನೂ ಚೆನ್ನಾಗಿ ಕೂರುತ್ತೆ" ಎಂಬುದು ತಪ್ಪು. ಕ್ರೋಮಿಯಂ ಹೈಡ್ರಾಕ್ಸೈಡ್ ಆಮ್ಲದಲ್ಲೂ ಕರಗುತ್ತದೆ, ಗಾಢ ಕ್ಷಾರದಲ್ಲೂ ಕರಗುತ್ತದೆ. ಪಿಎಚ್ 9.5 ದಾಟಿ ಹೋದಂತೆ ಕೂತದ್ದು ಮತ್ತೆ ನೀರಿಗಿಳಿಯತೊಡಗುತ್ತದೆ. ನಿಕ್ಕಲ್ ಚೆನ್ನಾಗಿ ಕೂರಲು 10ರ ಮೇಲೆ ಬೇಕು. ಅಂದರೆ ನಿಕ್ಕಲ್-ಕ್ರೋಮ್ ಲೈನಿನ ಎರಡೂ ನೀರನ್ನು ಒಂದೇ ಟ್ಯಾಂಕಿಗೆ ಹಾಕಿದವರು ಒಂದಕ್ಕೆ ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುತ್ತಾರೆ. ನಿಕ್ಕಲ್ ತೊಳೆದ ನೀರನ್ನು ಬೇರೆಯಾಗಿ ಸಂಸ್ಕರಿಸಿ.

ಈ ಹಂತದಲ್ಲಿ ನೀರು ಹಳದಿಯಾಗಿ ಕಂಡರೆ ಸುಣ್ಣ ನಿಲ್ಲಿಸಿ. ಹಂತ 5 ಪೂರ್ತಿಯಾಗಿಲ್ಲ. ಮತ್ತೆ ಆಮ್ಲ ಹಾಕಿ 2.5ಕ್ಕೆ ಇಳಿಸಿ ಮೊದಲಿನಿಂದ ಮಾಡುವುದೊಂದೇ ದಾರಿ. ಕ್ಷಾರೀಯ ನೀರಿಗೆ ಎಷ್ಟು ಎಸ್‌ಎಂಬಿಎಸ್ ಸುರಿದರೂ ಅದು ವ್ಯರ್ಥ.

## ಹಂತ 8: ಪಾಲಿ ಹಾಕಿ ಕೂರಿಸಿ

1 ಗ್ರಾಂ ಪಾಲಿಯನ್ನು 1 ಲೀಟರ್ ನೀರಿಗೆ, ನೀರು ತಿರುಗುತ್ತಿರುವಾಗ ರವೆ ಉದುರಿಸಿದಂತೆ ಉದುರಿಸಿ. ಒಮ್ಮೆಲೇ ಹಾಕಿದರೆ ಉಪ್ಪಿಟ್ಟಿನ ಗಂಟಿನಂತಾಗುತ್ತದೆ. ಒಂದು ಗಂಟೆ ಬಿಟ್ಟು ಬಳಸಿ. ಲೀಟರ್ ನೀರಿಗೆ ಇದರ 1ರಿಂದ 3 ಮಿಲಿ ಸಾಕು. ಪಾಲಿ ಹಾಕಿದ ಮೇಲೆ ಸ್ಟಿರರ್ ವೇಗ ಇಳಿಸಿ, ಜೋರಾಗಿ ಕಲಕಿದರೆ ಕಟ್ಟಿದ ಗಸಿಯ ಉಂಡೆ ಒಡೆಯುತ್ತದೆ. ಹೆಚ್ಚಾದರೆ ನೀರು ಜಿಗುಟಾಗಿ ಫಿಲ್ಟರ್ ಬಟ್ಟೆ ಕಟ್ಟಿಕೊಳ್ಳುತ್ತದೆ. ಸ್ಟಿರರ್ ನಿಲ್ಲಿಸಿ ಎರಡು ಮೂರು ಗಂಟೆ ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು.

## ಹಂತ 9: ತಿಳಿಯನ್ನು ಹೊರಬಿಡುವ ಮುನ್ನ

ತಿಳಿಯನ್ನು ಮೇಲಿನ ವಾಲ್ವಿನಿಂದ ತೆಗೆದು ಮರಳಿನ ಫಿಲ್ಟರ್ ದಾಟಿಸಿ. ಕ್ರೋಮಿಯಂ-6 ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ಮಿತಿ. ಕಿಟ್ ಹೇಳುವುದು ಮೊದಲನೆಯದನ್ನು ಮಾತ್ರ. ಕಿಟ್‌ನಲ್ಲಿ ಪಾಸಾದ ನೀರು ಲ್ಯಾಬಿನಲ್ಲಿ ಒಟ್ಟು ಕ್ರೋಮಿಯಂಗೆ ಫೇಲಾದರೆ ಸಾಮಾನ್ಯವಾಗಿ ಕಾರಣ ತಿಳಿಯ ಜೊತೆ ಹೋದ ಸಣ್ಣ ಗಸಿ.

ಲ್ಯಾಬಿಗೆ ಕಳಿಸುವಾಗ ಎರಡು ಬಾಟಲಿ ಬೇಕು. ಒಟ್ಟು ಕ್ರೋಮಿಯಂನ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರೊಳಗೆ ಇಳಿಸಿ. ಕ್ರೋಮಿಯಂ-6ರ ಬಾಟಲಿಗೆ ಆಮ್ಲ ಹಾಕಬೇಡಿ, ಹಾಕಿದರೆ ದಾರಿಯಲ್ಲೇ ಅದು ಕ್ರೋಮಿಯಂ-3 ಆಗಬಹುದು. ಐಸಿನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ.

ನೀರು ಎಲ್ಲಿಗೆ ಹೋಗಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲಿ ಬರೆದಿರುತ್ತದೆ, ಅಲ್ಲಿಗೇ ಹೋಗಬೇಕು. ಮಳೆನೀರಿನ ಚರಂಡಿಗೆ ಬಿಟ್ಟದ್ದು ವೃಷಭಾವತಿ ನದಿಯ ದಾರಿ ಹಿಡಿದರೆ ಬೈರಮಂಗಲದ ಕೆರೆಯ ಕಡೆಗೆ ಹೋಗುತ್ತದೆ, ಅಲ್ಲಿ ಆ ನೀರಿನಿಂದ ಬೆಳೆ ತೆಗೆಯುವವರಿದ್ದಾರೆ. ಪೀಣ್ಯದ ಅಂತರ್ಜಲದಲ್ಲಿ ಈಗಾಗಲೇ ಕ್ರೋಮಿಯಂ ಇಳಿದಿದೆ. ಒಮ್ಮೆ ನೆಲಕ್ಕಿಳಿದ ಕ್ರೋಮೇಟನ್ನು ವಾಪಸ್ ತೆಗೆಯುವ ಸುಲಭ ದಾರಿ ಯಾರ ಬಳಿಯೂ ಇಲ್ಲ.

## ಹಂತ 10: ಕೆಸರು

ತಳದ ಗಸಿಯನ್ನು ಹಿಂಡುವ ಫಿಲ್ಟರ್ ಪ್ರೆಸ್‌ನಿಂದ ಬಂದ ಕೇಕ್, ಅಂದರೆ ಗಟ್ಟಿ ಕೆಸರು, ಅಪಾಯಕಾರಿ ತ್ಯಾಜ್ಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇದಕ್ಕೆ ಅನ್ವಯಿಸುತ್ತವೆ. ಎಚ್‌ಡಿಪಿಇ ಚೀಲದಲ್ಲಿ ತುಂಬಿ, ನೀರಿಳಿಯದ ನೆಲದ ಮೇಲೆ, ಸೂರಿನಡಿ ಇಡಿ. ಚೀಲದ ಮೇಲೆ ನಮೂನೆ 8ರ ಲೇಬಲ್, ಪುಸ್ತಕದಲ್ಲಿ ನಮೂನೆ 3ರ ಲೆಕ್ಕ, ಲಾರಿ ಹೊರಟಾಗ ನಮೂನೆ 10ರ ಮ್ಯಾನಿಫೆಸ್ಟ್ (ಸಾಗಣೆ ಪತ್ರ), ಜೂನ್ 30ರೊಳಗೆ ನಮೂನೆ 4ರ ವಾರ್ಷಿಕ ವರದಿ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಬೆಂಗಳೂರಿನ ಸುತ್ತಲಿನವರಿಗೆ ದಾಬಸ್‌ಪೇಟೆಯಲ್ಲಿ ವಿಲೇವಾರಿ ಕೇಂದ್ರವಿದೆ.

ಒಂದು ಮಾತನ್ನು ಒತ್ತಿ ಹೇಳಬೇಕು. "ಕೆಸರು ಕೊಡಿ, ಇಟ್ಟಿಗೆಗೆ ಬೆರೆಸುತ್ತೇವೆ" ಎಂದು ಬರುವವರಿಗೆ ಕೊಡಬೇಡಿ, ನೀವೂ ಸುಡಬೇಡಿ. ಅದಿರಿನಿಂದ ಕ್ರೋಮೇಟ್ ತಯಾರಿಸುವ ಕಾರ್ಖಾನೆಗಳು ಮಾಡುವುದೂ ಇದನ್ನೇ: ಕ್ರೋಮಿಯಂ-3 ಇರುವ ಅದಿರಿಗೆ ಕ್ಷಾರ ಬೆರೆಸಿ ಗಾಳಿಯಲ್ಲಿ ಹುರಿಯುತ್ತಾರೆ, ಕ್ರೋಮಿಯಂ-6 ಹುಟ್ಟುತ್ತದೆ. ನಿಮ್ಮ ಕೇಕ್‌ನಲ್ಲಿ ಕ್ರೋಮಿಯಂ-3 ಇದೆ, ಸುಣ್ಣವೂ ಇದೆ. ಹುರಿಯುವ ಶಾಖವನ್ನು ಗೂಡಿನ ಬೆಂಕಿ ಒದಗಿಸುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಇಳಿಸಿದ ವಿಷ ಯಾರದೋ ಮನೆಯ ಗೋಡೆಯೊಳಗೆ ಮತ್ತೆ ಎದ್ದು ಕೂರಬಹುದು.

## ಬ್ಯಾಚ್ ಪುಸ್ತಕ ಮತ್ತು ಕಿಟಕಿಯ ಬಾಟಲಿ

ಪ್ರತಿ ಬ್ಯಾಚಿಗೂ ಒಂದು ಸಾಲು ಬರೆಯಿರಿ: ದಿನಾಂಕ, ಲೀಟರ್, ಆರಂಭದ ಕ್ರೋಮಿಯಂ-6, ಹಾಕಿದ ಆಮ್ಲ ಮತ್ತು ಎಸ್‌ಎಂಬಿಎಸ್, ಕಡಿಮೆ ಪಿಎಚ್‌ನಲ್ಲಿ ಇದ್ದ ನಿಮಿಷ, ಕಿಟ್ ಫಲಿತಾಂಶ, ಸುಣ್ಣದ ನಂತರದ ಪಿಎಚ್, ಮಾಡಿದವರ ಸಹಿ. ಎಸ್‌ಎಂಬಿಎಸ್ ವಾರದಿಂದ ವಾರಕ್ಕೆ ಹೆಚ್ಚು ಬೇಕಾಗುತ್ತಿದ್ದರೆ ಒಂದೋ ಚೀಲ ಕೆಟ್ಟಿದೆ, ಇಲ್ಲವೇ ಲೈನಿನಲ್ಲಿ ಎಲ್ಲೋ ಬಾತ್ ಸೋರುತ್ತಿದೆ. ಇದನ್ನು ಪುಸ್ತಕವಷ್ಟೇ ತೋರಿಸಬಲ್ಲದು.

ಕೊನೆಯ ತಿಳಿಯಿಂದ ಒಂದು ಪಾರದರ್ಶಕ ಬಾಟಲಿ ತುಂಬಿ, ದಿನಾಂಕ ಅಂಟಿಸಿ, ಕಿಟಕಿಯಲ್ಲಿಟ್ಟು ಮರುದಿನ ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ತುಕ್ಕಿನ ಬಣ್ಣ ಬಂದಿದ್ದರೆ ಅನ್ನಭೇದಿ ಹೆಚ್ಚಾಗಿದೆ. ನೀಲಿ ಉಳಿದಿದ್ದರೆ ಅಮೋನಿಯಾದಂಥದ್ದು ತಾಮ್ರವನ್ನೋ ನಿಕ್ಕಲನ್ನೋ ಹಿಡಿದಿಟ್ಟಿದೆ, ಬೇರೆ ಲೈನಿನ ನೀರು ಸೇರಿದೆ ಎಂದರ್ಥ. ಕಣ್ಣಿಗೆ ಸಂಶಯ ಬರುವಷ್ಟು ಹಳದಿ ಕಂಡರೂ ಸಾಕು, ಹೊರಹೋಗುವ ವಾಲ್ವ್ ಮುಚ್ಚಿ, ಮೀಟರನ್ನು ಬಫರಿಗೆ ಇಳಿಸಿ.